ಅಗ್ಗದ ಗಿಟಾರ್ ಒಳಗೆಲ್ಲಾ ಬದಲಾಯಿಸಿದ್ದೇನೆ, ಈಗ ಅದರ ತಲೆಯ ಮೇಲೆ ಯಾರ ಹೆಸರಿರಬೇಕು?

ಟಿಳಕವಾಡಿ ತಂತಿ:

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಎಲೆಕ್ಟ್ರಿಕ್ ಗಿಟಾರ್ ಬಾರಿಸುವವರು, ರಿಪೇರಿ ಮಾಡುವವರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ.

ನನ್ನ ಹತ್ತಿರ ಸ್ಟ್ರಾಟ್ (ಅಮೆರಿಕದ ಫೆಂಡರ್ ಕಂಪನಿಯ ಹೆಸರಾಂತ ಮಾದರಿ) ಆಕಾರದ ಒಂದು ಅಗ್ಗದ ಗಿಟಾರ್ ಇದೆ. ಹೊಸಬರು ಮೊದಲು ಕೊಳ್ಳುತ್ತಾರಲ್ಲ, ಆ ದರ್ಜೆಯದು. ಬಾಡಿ ಪಾಪ್ಲರ್ ಮರ, ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಮೇಪಲ್ ಮರ. ಮರದ ಕೆಲಸ ಚೆನ್ನಾಗಿತ್ತು, ನೆಕ್ ನೇರ ಇತ್ತು. ಉಳಿದದ್ದೆಲ್ಲಾ ಬೆಲೆಗೆ ತಕ್ಕಂತೆ. ನಟ್‌ನ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಕಚ್ಚುಗಳು ಎತ್ತರ ಇದ್ದವು, ಹಾಗಾಗಿ ಮೊದಲ ಫ್ರೆಟ್ಟಿನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೆ ಸ್ವರ ಏರುತ್ತಿತ್ತು.

ಮೊದಲು ಫ್ರೆಟ್‌ಗಳನ್ನು ಮಟ್ಟ ಮಾಡಿ, ತುದಿಗಳನ್ನು ಅರ ಹಾಕಿ ದುಂಡಗೆ ಮಾಡಿದೆ. ಪ್ಲಾಸ್ಟಿಕ್ ನಟ್ ತೆಗೆದು ಎಲುಬಿನದು ಕೂರಿಸಿದೆ. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಜಾಗ ಉಳಿಯಬೇಕು, ಅಲ್ಲಿಯ ತನಕ ಕಚ್ಚು ಇಳಿಸಿದೆ. ಆಮೇಲೆ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಸಲಾಕೆ) ಕಾಲು ಸುತ್ತು ತಿರುಗಿಸುವುದು, ನೋಡುವುದು, ಬೇಕಿದ್ದರೆ ಮತ್ತೆ ಕಾಲು ಸುತ್ತು. ಏಳನೇ ಎಂಟನೇ ಫ್ರೆಟ್ ಹತ್ತಿರ 0.25 ಮಿಮೀ ಬಾಗು, ಹನ್ನೆರಡನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಎತ್ತರ 1.6 ಮಿಮೀ. ಇಷ್ಟಕ್ಕೇ ಗಿಟಾರ್ ಬೇರೆಯೇ ಆಯಿತು. ಅಗ್ಗದ ಗಿಟಾರ್ ಇರುವವರು ದಯವಿಟ್ಟು ಪಿಕಪ್‌ಗೆ (ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವ ಭಾಗ) ದುಡ್ಡು ಹಾಕುವ ಮೊದಲು ಇದನ್ನು ಮಾಡಿಸಿ.

ನಂತರ ಪಿಕಪ್. ಹಳೆಯದರಲ್ಲಿ ಆರು ಉಕ್ಕಿನ ಗೂಟ, ಕೆಳಗೆ ಅಂಟಿಸಿದ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಹೊಸದರಲ್ಲಿ ಗೂಟಗಳೇ ಅಯಸ್ಕಾಂತ, ಆಲ್ನಿಕೋ 5 ಅನ್ನುವ ಮಿಶ್ರಲೋಹ. ಪಾಟ್‌ಗಳು (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಭಾಗ) 250 ಕಿಲೋ ಓಮ್‌ನವು, ದೊಡ್ಡ ಸೈಜಿನವು, ಅವಕ್ಕಾಗಿ ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ಹಾಳೆ) ತೂತು ಸ್ವಲ್ಪ ಅಗಲ ಮಾಡಬೇಕಾಯಿತು. ಒಳಗೆ ತಾಮ್ರದ ಹಾಳೆ ಅಂಟಿಸಿ ಅರ್ಥಿಂಗ್ ಕೊಟ್ಟಿದ್ದೇನೆ. ತಂತಿ ಬಿಗಿಯುವ ಟ್ಯೂನರ್ ಹೊಸದು. ಒಟ್ಟಿನಲ್ಲಿ ಬಾಡಿ ಮತ್ತು ನೆಕ್ ಬಿಟ್ಟು ಹಳೆಯದು ಅಂತ ಉಳಿದದ್ದು ಪಿಕ್‌ಗಾರ್ಡ್ ಮತ್ತು ಬ್ರಿಜ್ (ಬಾಡಿಯ ಕಡೆ ತಂತಿ ಕೂರುವ ಭಾಗ) ಮಾತ್ರ. ಗಿಟಾರಿಗೆ ಕೊಟ್ಟದ್ದಕ್ಕಿಂತ ಬಿಡಿಭಾಗಕ್ಕೆ ಜಾಸ್ತಿ ಖರ್ಚಾಗಿದೆ.

ಈಗ ವಿಜಯಪುರದ ಒಬ್ಬ ಕಾಲೇಜು ಹುಡುಗ ಇದನ್ನು ಕೇಳಿದ್ದಾನೆ. ದುಡ್ಡು ಕೊಡುವವರು ಅವರ ಅಪ್ಪ, ಅವರಿಗೆ ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲ. ಅಷ್ಟರಲ್ಲಿ ನನ್ನ ಗೆಳೆಯರೊಬ್ಬರು ಹೇಳಿದರು, "ಹಳೆ ಹೆಸರು ಉಜ್ಜಿ ತೆಗಿ, ರೇಡಿಯಂ ಅಂಗಡಿಯಲ್ಲಿ ಫೆಂಡರ್ ಅಂತ ಕತ್ತರಿಸಿ ಕೊಡ್ತಾರೆ, ಗೋವಾದಲ್ಲಿ ಎರಡು ಪಟ್ಟು ಬರುತ್ತೆ" ಅಂತ. ಇದಂತೂ ನಾನು ಮಾಡುವುದಿಲ್ಲ, ಅದರ ಬಗ್ಗೆ ಚರ್ಚೆ ಬೇಡ. ಇನ್ನೊಬ್ಬರು ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. "ಇಷ್ಟು ಕೆಲಸ ನೀನೇ ಮಾಡಿದ್ದೀಯ, ನಿನ್ನ ಹೆಸರೇ ಹಾಕು." ನನ್ನ ಹೆಸರು ಹಾಕುವುದು ಸರಿಯೇ? ಮರ ಕಡಿದವನು, ನೆಕ್ ಕೆತ್ತಿದವನು ನಾನಲ್ಲ. ಆದರೆ ಈಗ ಇದು ಬಾರಿಸುವ ರೀತಿಗೆ ಕಾರಣ ನನ್ನ ಕೆಲಸ. ನಿಮಗೆ ಏನು ಅನಿಸುತ್ತದೆ?

ಉದ್ಯಮಬಾಗ್ ಲೇತ್:

ಅಣ್ಣಾ, ಧಾರಾಳವಾಗಿ ಹಾಕಿ. ನಾನು ವರ್ಕ್‌ಶಾಪಿನವನು, ನಮ್ಮ ಕಡೆಯ ಮಾತು ಹೇಳುತ್ತೇನೆ. ಉದ್ಯಮಬಾಗ್‌ನಲ್ಲಿ ಎರಕ ಹೊಯ್ದು, ಲೇತ್‌ನಲ್ಲಿ ಕೆಲಸ ಮುಗಿಸಿ ಕಳಿಸುವ ಮಾಲಿನ ಮೇಲೆ ಬೇರೆ ಕಂಪನಿಯ ಹೆಸರೇ ಇರುತ್ತದೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಗಿಟಾರ್ ಲೋಕದಲ್ಲೂ ಅಷ್ಟೇ ಅಲ್ವಾ? ಇಂಡೋನೇಷ್ಯಾದ ಕೋರ್‌ಟೆಕ್ ಕಾರ್ಖಾನೆಯಲ್ಲಿ ಸ್ಕ್ವೈಯರ್ (ಫೆಂಡರ್‌ನ ಅಗ್ಗದ ಬ್ರ್ಯಾಂಡ್), ಐಬನೆಜ್, ಪಿಆರ್‌ಎಸ್ ಎಸ್‌ಇ ಎಲ್ಲಾ ತಯಾರಾಗಿವೆ. ಜಪಾನಿನ ಫುಜಿಗೆನ್ ಐಬನೆಜ್ ಮಾಡಿತು, 1982ರಿಂದ ಸ್ಕ್ವೈಯರ್ ಕೂಡ ಮಾಡಿತು. ತಲೆಯ ಮೇಲಿನ ಹೆಸರು ಯಾವತ್ತೂ "ಮರ ಕಡಿದವನು ಇವನು" ಅಂತ ಹೇಳಿಲ್ಲ. "ಏನಾದರೂ ಆದರೆ ಇವನನ್ನು ಕೇಳಿ" ಅಂತ ಹೇಳುತ್ತದೆ. ನಾಳೆ ನೆಕ್ ತಿರುಚಿದರೆ, ಪಾಟ್ ಕರಕರ ಅಂದರೆ ಆ ಹುಡುಗ ನಿಮ್ಮ ಮನೆಗೇ ಬರುತ್ತಾನೆ. ಜವಾಬ್ದಾರಿ ನಿಮ್ಮದು ಅಂದ ಮೇಲೆ ಹೆಸರೂ ನಿಮ್ಮದೇ.

ಇನ್ನೊಂದು ಮಾತು. ಬ್ರಿಜ್ ಹಳೆಯದೇ ಇದೆ ಅಂದಿರಿ, ಅದರ ಕೆಳಗಿನ ಬ್ಲಾಕ್ (ತಂತಿ ಹಾಯುವ ಲೋಹದ ಗಟ್ಟಿ) ತೆಳು ಸತುವಿನದೇ ಇರಬೇಕು. ಉಕ್ಕಿನದು ಮಾಡಿಸಿ. ಆದರೆ ಮೊದಲು ಬಾಡಿಯ ದಪ್ಪ ಅಳೆಯಿರಿ, ಅಗ್ಗದ ಗಿಟಾರ್‌ಗಳಲ್ಲಿ ಬಾಡಿ ಒಂದಿಷ್ಟು ತೆಳು ಇರುತ್ತದೆ, ಪೂರ್ತಿ ಉದ್ದದ ಬ್ಲಾಕ್ ಹಿಂದಿನಿಂದ ಹೊರಗೆ ಚಾಚುತ್ತದೆ. ತಂತಿಯಿಂದ ತಂತಿಗೆ ಇರುವ ಅಂತರವೂ ನೋಡಿ, ಹೊರಗಿನ ಎರಡು ತಂತಿಗಳ ನಡುವೆ ಕೆಲವದರಲ್ಲಿ 52.5 ಮಿಮೀ, ಕೆಲವದರಲ್ಲಿ 56 ಮಿಮೀ. ಅಳತೆ ಕಳಿಸಿದರೆ ನಾನೇ ಮಾಡಿಕೊಡುತ್ತೇನೆ.

ಗುಮ್ಮಟದ ಎಕೋ:

ಲೇತ್ ಅವರ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ನಾನು ವಿಜಯಪುರದವನು, ದುಡ್ಡು ಕೊಟ್ಟು ಮೋಸ ಹೋದವನ ಕಡೆಯಿಂದ ಬರೆಯುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಗಿಟಾರ್ ಒಂದನ್ನು ತಗೊಂಡಿದ್ದೆ. ತಲೆಯ ಮೇಲೆ ದೊಡ್ಡ ಹೆಸರು, "ಅಮೆರಿಕದಲ್ಲಿ ತಯಾರಾದದ್ದು" ಅಂತಲೂ ಇತ್ತು. ಮಾರಿದವರು ಬಾಯಲ್ಲಿ ಏನೂ ಸುಳ್ಳು ಹೇಳಲಿಲ್ಲ, ತಲೆಯ ಮೇಲಿನ ಸ್ಟಿಕ್ಕರ್ ಹೇಳಿತು, ಅವರು ಸುಮ್ನೆ ಇದ್ದರು. ಮನೆಯಲ್ಲಿ ಪಿಕ್‌ಗಾರ್ಡ್ ಬಿಚ್ಚಿದಾಗ ಸಣ್ಣ ಪಾಟ್, ತೆಳು ವೈರ್, ಸೆರಾಮಿಕ್ ಪಿಕಪ್. ಸೆರಾಮಿಕ್ ಇದ್ದ ಮಾತ್ರಕ್ಕೆ ನಕಲಿ ಅಂತಲ್ಲ, ಅಸಲಿ ಸ್ಕ್ವೈಯರ್‌ಗಳಲ್ಲೂ ಸೆರಾಮಿಕ್ ಇರುತ್ತದೆ. ಆದರೆ ತಲೆಯ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಹೆಸರಿನ ಸುತ್ತ ಉಗುರಿಗೆ ತಾಗುವ ಅಂಚು ಇತ್ತು, ಕೆಳಗೆ ಉಜ್ಜಿದ ಗುರುತು. ನೆಕ್ ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ (ಬಾಡಿಗೆ ಸೇರುವ ತುದಿ) ಆ ಕಾರ್ಖಾನೆಯ ಯಾವ ಮುದ್ರೆಯೂ ಇಲ್ಲ.

ಆ ಗಿಟಾರ್ ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ಅದರ ನಿಜವಾದ ಬೆಲೆಗೆ ಕೊಟ್ಟಿದ್ದರೆ ನಾನು ಖುಷಿಯಿಂದ ಬಾರಿಸುತ್ತಿದ್ದೆ. ಈಗ ಅದನ್ನು ಮಾರಲೂ ಆಗುವುದಿಲ್ಲ, ಮಾರಿದರೆ ನಾನೂ ಅದೇ ಸುಳ್ಳನ್ನು ಮುಂದೆ ದಾಟಿಸಿದ ಹಾಗೆ.

ಟಿಳಕವಾಡಿ ಅಣ್ಣಾ, ನಿಮ್ಮ ಹೆಸರು ಹಾಕುವುದಕ್ಕೂ ಇದೇ ಪ್ರಶ್ನೆ ಬರುತ್ತದೆ. ಹಳೆ ಹೆಸರು ಉಜ್ಜಿ ನಿಮ್ಮ ಹೆಸರು ಹಾಕಿದರೆ, ಆ ಹುಡುಗನ ಅಪ್ಪ ಏನು ತಿಳಿಯುತ್ತಾರೆ? ಬೆಳಗಾವಿಯಲ್ಲಿ ಒಬ್ಬರು ಕೈಯಿಂದ ಗಿಟಾರ್ ಕೆತ್ತುತ್ತಾರೆ ಅಂತ ತಿಳಿಯುತ್ತಾರೆ. ಅದು ನಿಜ ಅಲ್ಲವಲ್ಲ.

ಕ್ಯಾಂಪ್ ಬಾಸ್:

ಇಷ್ಟೊಂದು ಯೋಚಿಸುವ ವಿಷಯವೇ ಇದು? ನನ್ನ ಬಾಸ್ ಮೇಲೆ ನನಗೆ ಬೇಕಾದ ಸ್ಟಿಕ್ಕರ್ ಹಚ್ಚಿದ್ದೇನೆ. ನಾನು ಮಾರುವುದಿಲ್ಲ, ಸ್ಟೇಜಿನಲ್ಲಿ ಬಾರಿಸುತ್ತೇನೆ, ಕೇಳುವವರು ಕಿವಿಯಿಂದ ಕೇಳುತ್ತಾರೆ. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 50 ಡಾಲರಿನ ಸೆಕೆಂಡ್ಸ್ (ದೋಷ ಇದ್ದು ಅಗ್ಗಕ್ಕೆ ಬಿಟ್ಟ) ಬಾಡಿ, 80 ಡಾಲರಿನ ನೆಕ್ ತಂದು, ಗಿಬ್ಸನ್ ಗಿಟಾರಿನ ಪಿಕಪ್ ಕಿತ್ತು ಹಾಕಿ ತನ್ನ ಗಿಟಾರ್ ಮಾಡಿಕೊಂಡ. ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ "ಬ್ಲ್ಯಾಕಿ" ಮೂರು ಹಳೆ ಸ್ಟ್ರಾಟ್‌ಗಳ ಭಾಗ ಸೇರಿಸಿ ಮಾಡಿದ್ದು, 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಜೋಡಿಸಿದ ಗಿಟಾರ್ ಅಂತ ಯಾರೂ ಕೀಳಾಗಿ ನೋಡಲಿಲ್ಲ.

ಟಿಳಕವಾಡಿ ತಂತಿ:

ಕ್ಯಾಂಪ್ ಸರ್, ಜೋಡಿಸುವುದು ಕೀಳು ಅಂತ ನಾನೂ ಹೇಳುತ್ತಿಲ್ಲ. ನನಗೆ ಅದೇ ಇಷ್ಟದ ಕೆಲಸ. ಆದರೆ ನೀವು ಕೊಟ್ಟ ಎರಡೂ ಉದಾಹರಣೆ ನೋಡಿ. ಬ್ಲ್ಯಾಕಿ ಮೂರು ಫೆಂಡರ್‌ಗಳಿಂದ ಆದ ಫೆಂಡರ್, ಅಲ್ಲಿ ಹೆಸರು ಸುಳ್ಳಲ್ಲ. ಮೇಲಾಗಿ ಅದು ಮೂರರಿಂದ ಆದದ್ದು ಅಂತ ಕೊಂಡವರಿಗೆ ಗೊತ್ತಿತ್ತು. ವ್ಯಾನ್ ಹೇಲನ್ ಕೂಡ ತನ್ನದು ಜೋಡಿಸಿದ್ದು ಅಂತ ಎಲ್ಲರಿಗೂ ಹೇಳಿಕೊಂಡೇ ಬಾರಿಸಿದ. ಕಥೆ ಮುಚ್ಚಿಡದೆ ಹೇಳಿದ್ದಕ್ಕೇ ಆ ಗಿಟಾರ್‌ಗಳಿಗೆ ಬೆಲೆ.

ನಿಮ್ಮ ಬಾಸ್ ನೀವು ಮಾರುವುದಿಲ್ಲ, ಒಪ್ಪಿದೆ. ಆದರೆ ಗಿಟಾರ್ ನಮಗಿಂತ ಹೆಚ್ಚು ಕಾಲ ಬಾಳುತ್ತದೆ. ಮನೆಯವರು ಯಾವತ್ತೋ ಕೊಡುತ್ತಾರೆ, ಕೊಂಡವರು ಸ್ಟಿಕ್ಕರ್ ನೋಡಿ ಇನ್ನೊಬ್ಬರಿಗೆ ಮಾರುತ್ತಾರೆ. ಎಕೋ ಅವರ ಕೈಗೆ ಬಂದದ್ದೂ ಮೊದಲು ಯಾರೋ ಸುಮ್ನೆ ಚಂದಕ್ಕೆ ಅಂತ ಹಚ್ಚಿದ್ದೇ ಇರಬಹುದು.

ಕ್ಯಾಂಪ್ ಬಾಸ್:

ಆ ಮಾತಿಗೆ ಉತ್ತರ ಇಲ್ಲ ನನ್ನ ಹತ್ತಿರ. ಸ್ಟಿಕ್ಕರ್ ಮಾತ್ರ ತೆಗೆಯುವುದಿಲ್ಲ. ಆದರೆ ಪಿಕ್‌ಗಾರ್ಡ್ ಕೆಳಗೆ ಇದು ಏನು ಅಂತ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ, ಅದು ಒಳ್ಳೆಯದೇ.

ಕರಿಕೋಟು:

ವಕೀಲಿ ಮಾಡುತ್ತೇನೆ, ಬಾಗಲಕೋಟೆ. ಕಾನೂನಿನ ಭಾಗ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ರೇಡಿಯಂ ಅಂಗಡಿಯ ಮಾತು ಅಷ್ಟು ಹಗುರಾಗಿ ಬಂದದ್ದು ನೋಡಿ ಬೇಜಾರಾಯಿತು.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ, ಬೇರೆಯವರ ಟ್ರೇಡ್ ಮಾರ್ಕನ್ನು ಅವರ ಒಪ್ಪಿಗೆ ಇಲ್ಲದೆ ಮಾಲಿನ ಮೇಲೆ ಸುಳ್ಳಾಗಿ ಹಚ್ಚುವುದು ಅಪರಾಧ. 103ನೇ ಕಲಮಿನ ಪ್ರಕಾರ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷದ ತನಕ ದಂಡ. ಅಂಥ ಮಾಲನ್ನು ಮಾರುವವರಿಗೆ 104ನೇ ಕಲಮು ಇದೆ. ಕೊಳ್ಳುವವರನ್ನು ನಂಬಿಸಿ ದುಡ್ಡು ತಗೊಂಡರೆ ವಂಚನೆಯ ಪ್ರಶ್ನೆ ಬೇರೆ ಬರುತ್ತದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು. ಸ್ಟಿಕ್ಕರ್ ಕತ್ತರಿಸಿ ಕೊಡುವ ಅಂಗಡಿಯವರೂ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಆಕಾರದ ಬಗ್ಗೆಯೂ ಜನ ಕೇಳುತ್ತಾರೆ. ತನ್ನ ಸ್ಟ್ರಾಟ್, ಟೆಲಿ (ಟೆಲಿಕಾಸ್ಟರ್), ಪ್ರಿಸಿಷನ್ ಬಾಸ್ ಮಾದರಿಗಳ ಬಾಡಿ ಆಕಾರವನ್ನು ಟ್ರೇಡ್ ಮಾರ್ಕ್ ಮಾಡಿಕೊಳ್ಳಲು ಫೆಂಡರ್ ಕೇಳಿತ್ತು, ಅಮೆರಿಕದಲ್ಲಿ 2009ರಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಎಲ್ಲರೂ ಮಾಡುವ ಆಕಾರ ಆಗಿಹೋಗಿದೆ ಅಂತ ಕಾರಣ. ಆದರೆ ಅವರ ಹೆಡ್‌ಸ್ಟಾಕ್ (ತಲೆಯ) ಆಕಾರ ಅವರದೇ. ಬಿಡಿ ನೆಕ್ ಮಾರುವ ಕಂಪನಿಗಳು ಆ ಆಕಾರಕ್ಕೆ ಲೈಸೆನ್ಸ್ ತಗೊಳ್ಳುವುದು ಅದಕ್ಕೇ. 1977ರಲ್ಲಿ ಗಿಬ್ಸನ್ ಕಂಪನಿಯ ದಾವೆ ಕೂಡ ಐಬನೆಜ್ ಗಿಟಾರ್‌ಗಳ ಹೆಡ್‌ಸ್ಟಾಕ್ ಬಗ್ಗೆಯೇ ಇತ್ತು. ಅಂದರೆ ಗಿಟಾರಿನ ಗುರುತು ಹೆಚ್ಚಾಗಿ ಇರುವುದು ತಲೆಯಲ್ಲಿ.

ಟಿಳಕವಾಡಿ ಅವರ ಪ್ರಶ್ನೆಗೆ ನನ್ನ ಸಲಹೆ ಇಷ್ಟೇ. ಮೂಲ ಹೆಸರು ಇರಲಿ. ನೀವು ಮಾಡಿದ್ದನ್ನು ಬೇರೆ ಕಡೆ, ನಿಮ್ಮ ಕೆಲಸ ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ.

ಇಳಕಲ್ ಸೆರಗು:

ನಮ್ಮದು ನೇಕಾರರ ಮನೆ, ನಾನು ಮಾತ್ರ ಗಿಟಾರ್ ಹಿಡಿದವನು. ಈ ಚರ್ಚೆ ಓದುವಾಗ ನಮ್ಮ ಸೀರೆಯೇ ಕಣ್ಣ ಮುಂದೆ ಬಂತು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು (ಉದ್ದದ ಎಳೆಗಳು) ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ, ಅದು ತಾಳ್ಮೆಯ ಕೆಲಸ. ಪವರ್‌ಲೂಮ್‌ನಲ್ಲಿ ಬಂದ ಸೀರೆಗೂ ಅಂಗಡಿಯಲ್ಲಿ ಇಳಕಲ್ ಅಂತಲೇ ಹೆಸರು. ಪವರ್‌ಲೂಮ್ ಸೀರೆ ಉಡುವುದು ತಪ್ಪಲ್ಲ, ಅದು ಎಷ್ಟೋ ಜನರ ಕೈಗೆ ಎಟಕುವ ಬೆಲೆ. ಅದನ್ನು ಪವರ್‌ಲೂಮ್ ಅಂತ ಹೇಳಿ ಮಾರಿದರೆ ನಮಗೆ ಯಾವ ತಕರಾರೂ ಇಲ್ಲ. ಹೆಸರು ಕದ್ದಾಗ ನಷ್ಟ ಆಗುವುದು ಕೊಂಡವರಿಗೆ ಮಾತ್ರ ಅಲ್ಲ, ಮಗ್ಗದ ಮುಂದೆ ಕೂತವರಿಗೂ ಆಗುತ್ತದೆ.

ವಾದ್ಯದ ಮಾತಿಗೇ ಬಂದರೆ, ಪಕ್ಕದ ಮೀರಜ್‌ನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಗುರುತು ಸಿಕ್ಕಿತು. ಊರಿನ ಹೆಸರಿಗೆ ಬೆಲೆ ಬರಲು ತಲೆಮಾರುಗಳು ದುಡಿದಿದ್ದಾರೆ. ಟಿಳಕವಾಡಿ ಅಣ್ಣಾ, "ಬೆಳಗಾವಿ" ಅಂತ ಒಂದು ಗಿಟಾರ್ ಮೇಲೆ ಬರೆಯುವುದಿದ್ದರೆ ಮುಂದೆ ಯಾರಾದರೂ ನಿಜಕ್ಕೂ ಅಲ್ಲಿ ಮರದಿಂದ ಗಿಟಾರ್ ಮಾಡಿದಾಗ ಅವರಿಗೂ ಆ ಹೆಸರು ಉಳಿದಿರಬೇಕು, ಅಷ್ಟು ನೋಡಿಕೊಳ್ಳಿ.

ಉದ್ಯಮಬಾಗ್ ಲೇತ್:

ಸೆರಗು ಅವರೇ, ನಿಮ್ಮ ಮಾತು ತಟ್ಟಿತು. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ನಾವು ಬೇರೆ ಕಂಪನಿ ಹೆಸರಲ್ಲಿ ಮಾಲು ಕೊಡುವಾಗ ಎರಡೂ ಕಡೆಯವರಿಗೆ ಗೊತ್ತಿರುತ್ತದೆ, ಡ್ರಾಯಿಂಗ್ ಅವರದು, ಚೆಕಿಂಗ್ ಅವರದು, ಮಾಲು ವಾಪಸ್ ಬಂದರೆ ಅವರಿಗೇ ಬರುತ್ತದೆ. ಹೆಸರಿಲ್ಲದ ಗಿಟಾರ್‌ಗಳನ್ನು ಕಾರ್ಖಾನೆಯಿಂದಲೇ ತರಿಸಿ, ಒಂದೊಂದನ್ನೂ ಸೆಟಪ್ ಮಾಡಿ ತಮ್ಮ ಹೆಸರಲ್ಲಿ ಮಾರುವವರು ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಅಲ್ಲಿ ಯಾರ ಹೆಸರೂ ಉಜ್ಜಿ ತೆಗೆದಿಲ್ಲ. ಇಲ್ಲಿ ಒಂದು ಕಂಪನಿ ತನ್ನ ಹೆಸರು ಹಾಕಿ ಕಳಿಸಿದೆ, ಅದನ್ನು ಅಳಿಸುವುದು ಬೇರೆ ಮಾತು. ಅಷ್ಟು ಒಪ್ಪುತ್ತೇನೆ.

ಖಾನಾಪುರ ಮತ್ತಿ:

ಮರದ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಟಿಳಕವಾಡಿ ಅವರೇ, ನಿಮ್ಮ ಗಿಟಾರಿನ ಫ್ರೆಟ್‌ಬೋರ್ಡ್ (ನೆಕ್ ಮೇಲೆ ಬೆರಳು ಒತ್ತುವ ಹಲಗೆ) ಯಾವ ಮರ? ಕಂದು ಬಣ್ಣದ್ದಾಗಿ, ಕಂಪನಿಯವರು ಇಂಡಿಯನ್ ಲಾರೆಲ್ ಅಂತ ಬರೆದಿದ್ದರೆ ಅದು ನಮ್ಮ ಮತ್ತಿ. ಖಾನಾಪುರ, ದಾಂಡೇಲಿ ಕಾಡಿನಲ್ಲಿ ಮೊಸಳೆ ಚರ್ಮದ ಹಾಗೆ ತೊಗಟೆ ಒಡೆದ ಮರ ಇರುತ್ತದಲ್ಲ, ಅದೇ. ಮೊದಲು ಫ್ರೆಟ್‌ಬೋರ್ಡಿಗೆ ಬೀಟೆ (ರೋಸ್‌ವುಡ್) ಹಾಕುತ್ತಿದ್ದರು. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲಾ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಗೆ ಬಂದವು, ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು. ಆಗ ಅಗ್ಗದ ಗಿಟಾರ್‌ಗಳಲ್ಲಿ ಲಾರೆಲ್ ಜಾಸ್ತಿ ಬಂತು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಲಾರೆಲ್ ಉಳಿದುಕೊಂಡಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮಾರುವಾಗ ಲಾರೆಲ್ಲಿಗೆ ಕಪ್ಪು ಬಣ್ಣ ಹಚ್ಚಿ "ಎಬೊನಿ", "ರೋಸ್‌ವುಡ್" ಅನ್ನುವವರಿದ್ದಾರೆ. ಅದೂ ಸ್ಟಿಕ್ಕರ್ ಹಚ್ಚಿದ್ದಕ್ಕೆ ಸಮ. ಮತ್ತಿ ಅಂತಲೇ ಹೇಳಿ, ಅದು ಗಟ್ಟಿ ಮರ, ನಾಚಿಕೆ ಪಡುವಂಥದ್ದು ಏನಿಲ್ಲ.

ಗುಮ್ಮಟದ ಎಕೋ:

ಮರದ ಮಾತು ಬಂತಲ್ಲ, ಒಂದು ಎಚ್ಚರಿಕೆ. ಬೆಳಗಾವಿ ಮಳೆಯಲ್ಲಿ ಇದ್ದ ನೆಕ್ ನಮ್ಮ ವಿಜಯಪುರದ ಬೇಸಿಗೆಗೆ ಬಂದರೆ ಫ್ರೆಟ್‌ಬೋರ್ಡ್ ಒಣಗಿ ಸ್ವಲ್ಪ ಕುಗ್ಗುತ್ತದೆ, ಫ್ರೆಟ್ಟಿನ ಲೋಹ ಹಾಗೆ ಕುಗ್ಗುವುದಿಲ್ಲ. ಫ್ರೆಟ್ ತುದಿಗಳು ಹೊರಗೆ ಬಂದು ಕೈ ಗೀರುತ್ತವೆ. ಹುಡುಗನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಕೆಲಸ ಸರಿ ಮಾಡಿಲ್ಲ ಅಂತ ನಿಮ್ಮ ಮೇಲೇ ಬರುತ್ತದೆ.

ಇನ್ನೊಂದು, ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು ಹಾಕಿದ್ದೀರಾ? ನಮ್ಮ ಏರಿಯಾದಲ್ಲಿ ಕರೆಂಟಿನ ಹಮ್ (ಗುಂಯ್ ಅನ್ನುವ ಸದ್ದು) ಭಾಳ.

ಟಿಳಕವಾಡಿ ತಂತಿ:

ಹಾಕಿದ್ದೇನೆ. ಸುತ್ತು ಉಲ್ಟಾ, ಅಯಸ್ಕಾಂತದ ದಿಕ್ಕೂ ಉಲ್ಟಾ. ಸ್ವಿಚ್ಚಿನ ಎರಡನೇ, ನಾಲ್ಕನೇ ಜಾಗದಲ್ಲಿ ಎರಡು ಪಿಕಪ್ ಕೂಡಿದಾಗ 50 ಹರ್ಟ್ಸ್ ಹಮ್ ಬಹುತೇಕ ಹೋಗುತ್ತದೆ. ಒಂದೇ ಪಿಕಪ್ ಇರುವಾಗ ಇದ್ದೇ ಇರುತ್ತದೆ. ತಾಮ್ರದ ಹಾಳೆ ಜುಂಯ್ ಅನ್ನುವ ಸದ್ದು ತಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಬರುವ ಹಮ್ ತಡೆಯುವುದಿಲ್ಲ. ಇದನ್ನೂ ಅವನಿಗೆ ಹೇಳುತ್ತೇನೆ. ಮತ್ತಿ ಅವರೇ, ಹೌದು, ಫ್ರೆಟ್‌ಬೋರ್ಡ್ ಲಾರೆಲ್. ನಮ್ಮ ಕಾಡಿನ ಜಾತಿಯ ಮರ ಅಂತ ತಿಳಿದು ಸಂತೋಷವಾಯಿತು.

ಎಲ್ಲರ ಮಾತು ಓದಿದ ಮೇಲೆ ನನಗೆ ದಾರಿ ಸ್ಪಷ್ಟ ಆಗಿದೆ. ತಲೆಯ ಮೇಲಿನ ಹೆಸರು ಮುಟ್ಟುವುದಿಲ್ಲ. ಅದು ಆ ಕಾರ್ಖಾನೆಯ ಕೆಲಸ, ನೆಕ್ ನೇರ ಇದ್ದದ್ದು ಅವರಿಂದ, ಆ ಶ್ರೇಯಸ್ಸು ಅವರಿಗೇ ಇರಲಿ. ನನ್ನ ಹೆಸರು ಹಿಂದಿನ ನೆಕ್ ಪ್ಲೇಟಿನ ಮೇಲೆ ಸಣ್ಣದಾಗಿ, "ಫ್ರೆಟ್, ನಟ್, ವೈರಿಂಗ್, ಬೆಳಗಾವಿ" ಅಂತ. ನನ್ನ ಕೆಲಸ ಎಷ್ಟೋ ಅಷ್ಟೇ ಮಾತು. ನೆಕ್ ಬಿಚ್ಚಿದರೆ ಕಾಣುವ ಜಾಗದಲ್ಲಿ ಪೆನ್ಸಿಲ್ಲಿನಿಂದ ತಾರೀಖು ಮತ್ತು ಬದಲಾಯಿಸಿದ ಭಾಗಗಳ ಹೆಸರು. 1950ರ ದಶಕದಲ್ಲಿ ಫೆಂಡರ್ ಕೆಲಸಗಾರರು ನೆಕ್ ಹಿಮ್ಮಡಿಯ ಮೇಲೆ ಪೆನ್ಸಿಲ್ಲಿನಿಂದ ತಾರೀಖು ಬರೆಯುತ್ತಿದ್ದರು. ಇವತ್ತು ಹಳೆ ಗಿಟಾರಿನ ವಯಸ್ಸು ತಿಳಿಯಲು ಮೊದಲು ಅದನ್ನೇ ನೋಡುತ್ತಾರೆ.

ಹೆಸರಿನ ವಿಷಯದಲ್ಲಿ ಅದೇ ಫೆಂಡರ್‌ನ ಇನ್ನೊಂದು ಸಂಗತಿ ನನಗೆ ಇಷ್ಟ. 1951ರಲ್ಲಿ ಅವರ ಬ್ರಾಡ್‌ಕಾಸ್ಟರ್ ಗಿಟಾರಿಗೆ ಗ್ರೆಚ್ ಕಂಪನಿ ತಕರಾರು ತೆಗೆಯಿತು, ಆ ಹೆಸರಿನ ಡ್ರಮ್ ತಮ್ಮದು ಅಂತ. ಹೊಸ ಹೆಸರು ಸಿಗುವ ತನಕ ಫೆಂಡರ್‌ನವರು ಸ್ಟಿಕ್ಕರಿನಿಂದ ಆ ಪದ ಕತ್ತರಿಸಿ, ಬರೀ ಕಂಪನಿ ಹೆಸರಿನಲ್ಲಿ ಗಿಟಾರ್ ಕಳಿಸಿದರು. ಆಮೇಲೆ ಟೆಲಿಕಾಸ್ಟರ್ ಆಯಿತು. ಇನ್ನೊಬ್ಬರ ಹೆಸರು ಹೊತ್ತು ಹೋಗುವುದಕ್ಕಿಂತ ಆ ಜಾಗ ಖಾಲಿ ಬಿಟ್ಟರು, ಮಾಲು ನಿಲ್ಲಲಿಲ್ಲ.

ಹಳೆ ಪಿಕಪ್, ಪಾಟ್, ನಟ್, ಟ್ಯೂನರ್ ಎಲ್ಲಾ ಒಂದು ಚೀಲದಲ್ಲಿ ಹಾಕಿ ಗಿಟಾರ್ ಜೊತೆಗೇ ಕೊಡುತ್ತೇನೆ. ಖರ್ಚಿನ ಚೀಟಿಯನ್ನು ಹುಡುಗನಿಗಲ್ಲ, ಅವರ ಅಪ್ಪನ ಕೈಗೆ ಕೊಡುತ್ತೇನೆ. ಬಿಡಿಭಾಗಕ್ಕೆ ಹಾಕಿದ್ದು ಪೂರ್ತಿ ವಾಪಸ್ ಬರುವುದಿಲ್ಲ, ಮಾರ್ಪಾಡು ಮಾಡಿದ ಗಿಟಾರಿನಲ್ಲಿ ಯಾರಿಗೂ ಬರುವುದಿಲ್ಲ, ಅದು ಗೊತ್ತಿದ್ದೇ ಮಾಡಿದ್ದು. ಫ್ರೆಟ್ ತುದಿ ಹೊರಗೆ ಬಂದರೆ ಮೊದಲ ಬೇಸಿಗೆಯಲ್ಲಿ ಉಚಿತವಾಗಿ ಅರ ಹಾಕಿಕೊಡುತ್ತೇನೆ ಅಂತ ಚೀಟಿಯಲ್ಲೇ ಬರೆಯುತ್ತೇನೆ.

ಎಕೋ ಅವರೇ, ನಿಮ್ಮ ಗಿಟಾರನ್ನೂ ಒಮ್ಮೆ ಬೆಳಗಾವಿಗೆ ತನ್ನಿ. ಸ್ಟಿಕ್ಕರ್ ತೆಗೆದು ಫ್ರೆಟ್ ಸರಿ ಮಾಡೋಣ, ಹೆಸರಿಲ್ಲದ ಗಿಟಾರ್ ಅಂತ ಹೇಳಿಯೇ ನೀವು ಅದನ್ನು ಮಾರಬಹುದು.

ಗುಮ್ಮಟದ ಎಕೋ:

ತರುತ್ತೇನೆ ಅಣ್ಣಾ. ಆದರೆ ಫ್ರೆಟ್ ಸರಿ ಆದ ಮೇಲೆ ಮಾರುತ್ತೇನೋ ಇಲ್ಲವೋ ನೋಡಬೇಕು, ಅದರ ನೆಕ್ ನನ್ನ ಕೈಗೆ ಒಗ್ಗಿದೆ. ವಿಜಯಪುರದ ಹುಡುಗನಿಗೆ ಸೆಟಪ್ ಏನಾದರೂ ಬೇಕಾದರೆ ನನ್ನನ್ನು ಕೇಳಲಿ, ಟ್ರಸ್ ರಾಡ್ ತಿರುಗಿಸುವಷ್ಟು ನನಗೂ ಬರುತ್ತದೆ.

ಉದ್ಯಮಬಾಗ್ ಲೇತ್:

ಬ್ಲಾಕ್ ಅಳತೆ ಇನ್ನೂ ಬಂದಿಲ್ಲ. ಬಾಡಿ ದಪ್ಪ, ತಂತಿ ಅಂತರ, ಸ್ಕ್ರೂ ತೂತಿನ ಅಳತೆ, ಮೂರೂ ಕಳಿಸಿ. ಕೊಡುವ ಮೊದಲೇ ಕೂರಿಸಿಬಿಡೋಣ, ಚೀಟಿಯಲ್ಲಿ ಅದನ್ನೂ ಬರೆಯಿರಿ.